ಬ್ರಿಟನ್ನಿನಲ್ಲಿ ಓದಿದ ಮಕ್ಕಳು ಅಮೆರಿಕದ ಪದವಿಗೆ ಅರ್ಜಿ ಹಾಕುವುದು ಹೇಗೆ?

ಯುಗಾದಿಗೋ ರಾಜ್ಯೋತ್ಸವಕ್ಕೋ ಇಲ್ಲಿನ ಕನ್ನಡ ಕುಟುಂಬಗಳು ಒಂದೆಡೆ ಸೇರಿದಾಗ, ಇಂಗ್ಲೆಂಡಿನ ಸರ್ಕಾರಿ ಶಾಲೆಯೊಂದರಲ್ಲಿ ಎ-ಲೆವೆಲ್ (ನಮ್ಮ ಪಿಯುಸಿಯಂಥ ಹಂತ) ಗಣಿತ ಕಲಿಸುವ ನನ್ನನ್ನು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಮೇಡಂ, ಮಗಳು ಡಿಗ್ರಿಗೆ ಅಮೆರಿಕಕ್ಕೇ ಹೋಗ್ತೀನಿ ಅಂತಾಳೆ. ಎಸ್‌ಎಟಿಗೆ ಯಾವಾಗಿಂದ ಓದಿಸಬೇಕು?”

ಅಮೆರಿಕದ ಪದವಿ ಪ್ರವೇಶಕ್ಕೆ ಬರೆಯುವ ಆ ಎಸ್‌ಎಟಿ ಪರೀಕ್ಷೆಗಿಂತ ಮೊದಲು ಹಣದ ಲೆಕ್ಕ ಹಾಕಿ ಎಂದು ನಾನು ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಪದವಿಯ ಬೋಧನಾ ಶುಲ್ಕಕ್ಕೆ 2025-26ರ ಸಾಲಿನಲ್ಲಿ 9,535 ಪೌಂಡ್‌ಗಳ ಮಿತಿಯಿದ್ದು, ಅದಕ್ಕೂ ಸರ್ಕಾರದ ವಿದ್ಯಾರ್ಥಿ ಸಾಲ ದೊರೆಯುತ್ತದೆ. ಪೂರ್ತಿ ಪದವಿಯನ್ನು ಅಮೆರಿಕದಲ್ಲಿ ಮಾಡುವವರಿಗೆ ಆ ಸಾಲ ಇಲ್ಲ. ಅಲ್ಲಿನ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಊಟ, ವಸತಿ ಸೇರಿ ವರ್ಷದ ಖರ್ಚು 80,000 ಡಾಲರ್ ದಾಟುತ್ತದೆ, ಓದು 4 ವರ್ಷದ್ದು. ಹಾಗಿದ್ದರೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವು ಸಂಸ್ಥೆಗಳು ವಿದೇಶಿ ವಿದ್ಯಾರ್ಥಿಗಳನ್ನೂ ಮನೆಯ ಆರ್ಥಿಕ ಸ್ಥಿತಿ ನೋಡದೆ ಆರಿಸಿ, ಆಯ್ಕೆಯಾದವರಿಗೆ ಅಗತ್ಯವಿರುವಷ್ಟು ನೆರವು ಕೊಡುತ್ತವೆ. ಬೇರೆ ಹಲವೆಡೆ ನೆರವು ಕೇಳಿದ್ದೇ ಆಯ್ಕೆಗೆ ತೊಡಕಾಗಬಹುದು. ಆದ್ದರಿಂದ ರ‍್ಯಾಂಕಿಂಗ್ ನೋಡಿ ಪಟ್ಟಿ ಮಾಡಬೇಡಿ, ನೆರವಿನ ನಿಯಮ ಓದಿ ಮಾಡಿ.

ಎರಡನೆಯದು ಶಿಫಾರಸು ಪತ್ರ. ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲಿಯೇ, ಮತ್ತು ಅದರಲ್ಲಿ ನಮ್ಮಂಥ ಶಿಕ್ಷಕರ ಪಾಲೂ ಇದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಅರ್ಜಿ ವ್ಯವಸ್ಥೆಯಾದ ಯುಕಾಸ್ ಮೂಲಕ 5 ಕಡೆ ಅರ್ಜಿ ಹಾಕುವಾಗ ಎಲ್ಲವೂ ಆರಿಸಿಕೊಂಡ ವಿಷಯದ ಸುತ್ತಲೇ ಇರುತ್ತದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್ 650 ಪದಗಳ ಮಿತಿಯ ಪ್ರಬಂಧದಲ್ಲಿ ಕೇಳುವುದು ನೀನು ಯಾರು ಎಂದು. ಶಿಕ್ಷಕರ ಪತ್ರವೂ ಅದನ್ನೇ ಹೇಳಬೇಕು. ಮೊದಲ ಸಲ ಅಂಥ ಪತ್ರ ಬರೆದಾಗ ನಾನು ಒಬ್ಬ ಹುಡುಗನನ್ನು “ಶ್ರದ್ಧೆಯುಳ್ಳವನು, ಸಾಕಷ್ಟು ಸಮರ್ಥ” ಎಂದಿದ್ದೆ. ಬ್ರಿಟಿಷ್ ಶಾಲೆಯಲ್ಲಿ ಅದು ಒಳ್ಳೆಯ ಮಾತೇ. ಅಮೆರಿಕದಲ್ಲಿ ಓದಿ ಬಂದಿದ್ದ ಸಹೋದ್ಯೋಗಿಯೊಬ್ಬರು ಅದನ್ನು ಓದಿ, ಈ ಹುಡುಗ ನಿಮಗೆ ಇಷ್ಟವಿಲ್ಲವೇ ಎಂದು ಕೇಳಿದರು. ಅಂದು ರಾತ್ರಿ ನಾನು ಕೂತು, ಅವನು ಫರ್ದರ್ ಮ್ಯಾತ್ಸ್ (ಎ-ಲೆವೆಲ್‌ನ ಹೆಚ್ಚುವರಿ ಗಣಿತ) ತರಗತಿಯಲ್ಲಿ ತನಗೆ ಪೂರ್ಣ ಅಂಕ ತಂದ ಗಣಿತದ ಸಾಧನೆಯೊಂದರಲ್ಲಿ (ಪ್ರೂಫ್) ನನ್ನ ಕಣ್ಣಿಗೂ ಬೀಳದ ತಪ್ಪನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಂಡು, ಮರುದಿನ ಬೆಳಿಗ್ಗೆ 8 ಗಂಟೆಗೆ ನನ್ನ ಕೊಠಡಿಯ ಬಾಗಿಲಲ್ಲಿ ನಿಂತಿದ್ದ ಸಂಗತಿಯನ್ನು ಪತ್ರದಲ್ಲಿ ಬರೆದೆ.

ಇಂಥದ್ದನ್ನು ನೆನಪಿಸಿಕೊಂಡು ಬರೆಯಲು ಶಿಕ್ಷಕರಿಗೆ ಸಮಯ ಬೇಕು. ಕಾಮನ್ ಆ್ಯಪ್ ತೆರೆಯುವುದು ಆಗಸ್ಟ್ 1ರಂದು, ಇಲ್ಲಿನ ಶಾಲೆಗಳು ಮುಚ್ಚಿರುವಾಗ. ಶಾಲೆ ತೆರೆದ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಗಡುವು ಅಕ್ಟೋಬರ್ 15. ಅಮೆರಿಕದ ಬಹಳಷ್ಟು ಕಡೆ ಮೊದಲ ಸುತ್ತಿನ ಗಡುವು ನವೆಂಬರ್ 1. ಆ ಸುತ್ತಿನಲ್ಲಿ ‘ಅರ್ಲಿ ಡಿಸಿಷನ್’ ಎಂದು ಅರ್ಜಿ ಹಾಕಿದರೆ, ಸೀಟು ಸಿಕ್ಕಾಗ ಉಳಿದ ಅರ್ಜಿಗಳನ್ನೆಲ್ಲ ಹಿಂಪಡೆಯುವ ಕರಾರಿಗೆ ಪೋಷಕರೂ ಸಹಿ ಹಾಕಿರುತ್ತೀರಿ ಎಂಬುದನ್ನು ದಯವಿಟ್ಟು ಮರೆಯಬೇಡಿ.

ಇನ್ನು ಎಸ್‌ಎಟಿ. ಎಂಐಟಿ 2022ರಲ್ಲಿ ಅದನ್ನು ಮತ್ತೆ ಕಡ್ಡಾಯಗೊಳಿಸಿತು, ಆಮೇಲೆ ಹಾರ್ವರ್ಡ್ ಕೂಡ; ಕಡ್ಡಾಯವಲ್ಲದ ಕಡೆಗಳೂ ಸಾಕಷ್ಟಿವೆ. ಎ-ಲೆವೆಲ್ ಗಣಿತ ಓದುತ್ತಿರುವವರಿಗೆ ಅದರ ಗಣಿತ ಕಷ್ಟವಲ್ಲ, ಆದರೆ ಎಲ್ಲ ಶಾಲೆಗಳಲ್ಲೂ ಪರೀಕ್ಷಾ ಕೇಂದ್ರ ಇರುವುದಿಲ್ಲವಾದ್ದರಿಂದ ಬೇಗ ನೋಂದಾಯಿಸಿಕೊಳ್ಳಬೇಕು.

ನಿಮ್ಮ ಮಗಳು ಈಗ ಶಾಲೆಯ ‘ಇಯರ್ 12’ರಲ್ಲಿ, ಅಂದರೆ ಎ-ಲೆವೆಲ್‌ನ ಮೊದಲ ವರ್ಷದಲ್ಲಿದ್ದರೆ, ಬೇಸಿಗೆ ರಜೆ ಆರಂಭವಾಗುವ ಮೊದಲೇ ತನ್ನನ್ನು ಚೆನ್ನಾಗಿ ಬಲ್ಲ ಇಬ್ಬರು ಶಿಕ್ಷಕರ ಬಳಿ ಅವಳೇ ಹೋಗಿ ಪತ್ರ ಬರೆದುಕೊಡುವಿರಾ ಎಂದು ಕೇಳಲಿ.