ನೋಮ್ ಪೆನ್‌ನಿಂದ ಅಂಕೋರ್‌ಗೆ: ಕಂಪುಚಿಯಾ ಎಂಬ ಹೆಸರಿನ ಜಾಡು ಹಿಡಿದು

ಕಾಂಬೋಡಿಯಾಕ್ಕೆ ಹೋಗುವ ನಮ್ಮವರಲ್ಲಿ ಅನೇಕರು ನೇರವಾಗಿ ಸಿಯೆಮ್ ರೀಪ್‌ನಲ್ಲಿ ಇಳಿದು, ಅಂಕೋರ್ ವಾಟ್ ನೋಡಿ ಮರಳುತ್ತಾರೆ. ನಾವು ರಾಜಧಾನಿ ನೋಮ್ ಪೆನ್‌ನಿಂದ ಆರಂಭಿಸಿದೆವು. ನೀವೂ ಹಾಗೆಯೇ ಮಾಡುವುದು ಒಳ್ಳೆಯದು. 1970ರಿಂದ 1993ರೊಳಗೆ ಈ ದೇಶದ ಅಧಿಕೃತ ಹೆಸರು ಐದು ಬಾರಿ ಬದಲಾಗಿದ್ದು, ಆ ಕ್ರಮ ತಿಳಿಯದೆ ಹೋದರೆ ಸಂಗ್ರಹಾಲಯದ ಫಲಕಗಳು ಬೇರೆ ಬೇರೆ ದೇಶಗಳ ಕಥೆ ಹೇಳುತ್ತಿರುವಂತೆ ತೋರುತ್ತದೆ.

ಮೊದಲ ದಿನದ ಬೆಳಗನ್ನು ತುವೋಲ್ ಸ್ಲೆಂಗ್ ಸಂಗ್ರಹಾಲಯಕ್ಕೆ ಮೀಸಲಿಡಿ. ಶಾಲೆಯಾಗಿದ್ದ ಈ ಕಟ್ಟಡವನ್ನು ಪೋಲ್ ಪಾಟ್ ನೇತೃತ್ವದ ಕಮ್ಯುನಿಸ್ಟರಾದ ಖಮೇರ್ ರೂಜ್ ಆಡಳಿತ ಚಿತ್ರಹಿಂಸೆಯ ಸೆರೆಮನೆ ಮಾಡಿಕೊಂಡಿತ್ತು; ತರಗತಿಯ ಚೌಕಳಿ ಹಂಚಿನ ನೆಲದ ಮೇಲೆ ಕಬ್ಬಿಣದ ಮಂಚ ಇಂದಿಗೂ ಇದೆ. 1975ರ ಏಪ್ರಿಲ್ 17ರಂದು ನಗರವನ್ನು ಹಿಡಿದ ಆ ಕಮ್ಯುನಿಸ್ಟರು 1976ರ ಸಂವಿಧಾನದಲ್ಲಿ ದೇಶಕ್ಕೆ ಇಟ್ಟ ಹೆಸರು ಇಂಗ್ಲಿಷಿನಲ್ಲಿ ‘ಡೆಮಾಕ್ರಟಿಕ್ ಕಂಪುಚಿಯಾ’; ಅದರಲ್ಲಿ ‘ಕಂಪುಚಿಯಾ’ದ ಜೊತೆಗಿರುವ, ಇಲ್ಲಿನ ಭಾಷೆಯಾದ ಖಮೇರ್‌ನ ಪದದ ಮೂಲ ನಮ್ಮ ‘ಪ್ರಜಾಧಿಪತ್ಯ’ಕ್ಕೆ ತೀರ ಹತ್ತಿರದ್ದು. ಆ ಮಂಚದ ಎದುರು ನಿಂತು ಈ ಪದವನ್ನು ನೆನೆದಾಗ ನನಗೆ ಮಾತೇ ಹೊರಡಲಿಲ್ಲ. ಮಕ್ಕಳನ್ನು ಇಲ್ಲಿಗೆ ಕರೆತರಬೇಡಿ.

1979ರ ಜನವರಿ 7ರಂದು ವಿಯೆಟ್ನಾಂ ಸೇನೆ ನಗರವನ್ನು ವಶಪಡಿಸಿಕೊಂಡ ಮೇಲೆ ಬಂದದ್ದು ‘ಕಂಪುಚಿಯಾ ಜನತಾ ಗಣರಾಜ್ಯ’. ಇಲ್ಲಿ ಗಣರಾಜ್ಯಕ್ಕೆ ಖಮೇರ್ ಭಾಷೆ ಬಳಸುವುದು ‘ಸಾಧಾರಣ’ ಮತ್ತು ‘ರಾಷ್ಟ್ರ’ ಎಂಬ ನಮಗೆ ಪರಿಚಿತ ಪದಗಳಿಂದ ಹುಟ್ಟಿದ ಸಮಾಸವನ್ನು. ಈ ಸರ್ಕಾರವನ್ನು ಭಾರತ 1980ರಲ್ಲಿ ಮಾನ್ಯ ಮಾಡಿತು. ಆದರೆ ವಿಶ್ವಸಂಸ್ಥೆಯ ಪೀಠ ಮಾತ್ರ ಉಚ್ಚಾಟಿತ ಖಮೇರ್ ರೂಜ್ ಪಕ್ಷದ ಬಳಿಯೇ ಉಳಿಯಿತು. 1989ರಲ್ಲಿ ‘ಜನತಾ ಗಣರಾಜ್ಯ’ ಹೋಗಿ ಬರಿಯ ‘ರಾಷ್ಟ್ರ’ ಉಳಿಯಿತು, 1993ರಲ್ಲಿ ರಾಜಪ್ರಭುತ್ವ ಮರಳಿತು. ಹೊರಗಿನವರಿಗೆ ಕಾಂಬೋಡಿಯಾ, ಕಂಪುಚಿಯಾ, ಮತ್ತೆ ಕಾಂಬೋಡಿಯಾ ಎಂದು ಕಂಡದ್ದು ಖಮೇರ್ ಬಾಯಲ್ಲಿ ಒಂದೇ ಪದ. ಅದನ್ನು ಕೈಬಿಟ್ಟದ್ದು 1970ರ ‘ಖಮೇರ್ ಗಣರಾಜ್ಯ’ ಮಾತ್ರ.

ಮಧ್ಯಾಹ್ನ ಸೊಸೊರೊ ಹಣದ ಸಂಗ್ರಹಾಲಯಕ್ಕೆ ಹೋಗಿ. ಖಮೇರ್ ರೂಜ್ ನೋಟು ಅಚ್ಚು ಹಾಕಿಸಿಯೂ ಚಲಾವಣೆಗೆ ತರದೆ ಹಣವನ್ನೇ ರದ್ದು ಮಾಡಿತ್ತು. ಇಲ್ಲಿನ ಹಣವಾದ ರಿಯೆಲ್ ಮತ್ತೆ ಬಂದದ್ದು 1980ರಲ್ಲಿ. ಹಣದ ಮಾತು ಬಂದದ್ದರಿಂದ ಹೇಳುತ್ತೇನೆ: ಅಂಚಿನಲ್ಲಿ ಕೂದಲೆಳೆಯಷ್ಟು ಹರಿದಿದ್ದ ನನ್ನ ಡಾಲರ್ ನೋಟನ್ನು ಅಂಗಡಿಯವಳು ಬೆಳಕಿಗೆ ಹಿಡಿದು ನೋಡಿ ಹಿಂದಿರುಗಿಸಿದಳು. ಹೊಸ ನೋಟುಗಳನ್ನೇ ಒಯ್ಯಿರಿ.

ಸಿಯೆಮ್ ರೀಪ್‌ಗೆ ಬಸ್ಸಿನಲ್ಲಿ ಸುಮಾರು ಆರು ಗಂಟೆ. ಅಲ್ಲಿ ಹಳೆಯ ರಾಜಧಾನಿ ಅಂಕೋರ್ ಥೋಮ್‌ನ ದಕ್ಷಿಣ ದ್ವಾರಕ್ಕೆ ಸ್ವಲ್ಪ ಮೊದಲು, ವಾಹನಗಳು ನಿಲ್ಲದೆ ಸಾಗಿಬಿಡುವ ಬಕ್ಸೆ ಚಾಮ್‌ಕ್ರೋಂಗ್ ಗುಡಿಯ ಬಳಿ ಇಳಿಯಲು ಚಾಲಕನಿಗೆ ಮೊದಲೇ ಹೇಳಿಡಿ. 10ನೇ ಶತಮಾನದ ಇಲ್ಲಿನ ಸಂಸ್ಕೃತ ಶಾಸನ ಐತಿಹ್ಯದ ಮೂಲಪುರುಷ ಋಷಿ ಕಂಬು ಸ್ವಾಯಂಭುವನನ್ನೂ ಅವನ ಪತ್ನಿ ಅಪ್ಸರೆ ಮೇರಾಳನ್ನೂ ಸ್ತುತಿಸುತ್ತದೆ. ಆ ಕಂಬುವಿನ ಸಂತತಿಯೇ ಕಂಬುಜರು, ಅವರ ನಾಡೇ ಕಂಪುಚಿಯಾ. ಅರಸರನ್ನು ಅಳಿಸಲು ಹೊರಟವರೂ ಬಿಡದೆ ಉಳಿಸಿಕೊಂಡ ಪದ ಇದು. ಮೆಟ್ಟಿಲುಗಳು ಬಹಳ ಕಡಿದಾಗಿವೆ. ಹಿರಿಯರು ಕೆಳಗಿನಿಂದಲೇ ನೋಡಲಿ.