ಜಕ್ಕೂರು ಕೆರೆಗೆ ಹಕ್ಕಿ ನೋಡಲು ಹೋಗುವವರಿಗೆ

ಮೊದಲೇ ಹೇಳಿಬಿಡುತ್ತೇನೆ: ಕೆರೆಗೆ ಸುತ್ತು ಹಾಕಬೇಡಿ. ವಾಕಿಂಗ್‌ಗೆ ಬಂದವರು ಸುತ್ತು ಹಾಕಲಿ. ಹಕ್ಕಿ ನೋಡಲು ಬಂದವರು ಎರಡು ಮೂರು ಜಾಗ ಆರಿಸಿಕೊಂಡು ಅಲ್ಲೇ ನಿಲ್ಲಬೇಕು. ಉತ್ತರ ಬೆಂಗಳೂರಿನ ಜಕ್ಕೂರು ಸುಮಾರು 160 ಎಕರೆಯ ಕೆರೆ. ಪೂರ್ತಿ ನೋಡಿಬಿಡೋಣ ಅಂತ ಹೊರಟರೆ ಕಾಲು ನೋಯುತ್ತದೆ, ಹಕ್ಕಿ ಮಾತ್ರ ಕೈಗೆ ಹತ್ತುವುದಿಲ್ಲ.

ಡಿಸೆಂಬರ್‌ನ ಒಂದು ಭಾನುವಾರ ನಾನು, ಅಕ್ಕ, ಅಕ್ಕನ ಮಗಳು ಹೋಗಿದ್ದೆವು. ನನ್ನ ಪ್ರಕಾರ ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಧ್ಯ ಏಷ್ಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಬಾತುಗಳು ಆ ಹೊತ್ತಿಗೆ ಬಂದಿರುತ್ತವೆ. ಬೇಸಿಗೆ ಶುರುವಾಗುತ್ತಿದ್ದಂತೆ ಒಂದೊಂದಾಗಿ ವಾಪಸ್ ಹೊರಡುತ್ತವೆ. ಊರಿನವೇ ಆದ ಹಕ್ಕಿಗಳು ವರ್ಷವಿಡೀ ಸಿಗುತ್ತವೆ, ಅದಕ್ಕೇನೂ ತೊಂದರೆ ಇಲ್ಲ.

ಮೆಜೆಸ್ಟಿಕ್‌ನಿಂದ ಯಲಹಂಕ ಕಡೆಯ ಬಸ್ ಹತ್ತಿ, ಬಳ್ಳಾರಿ ರಸ್ತೆಯಲ್ಲಿ ಜಕ್ಕೂರು ಏರೋಡ್ರಮ್ ಹತ್ತಿರ ಇಳಿದು ಆಟೋ ಹಿಡಿದರೆ ಆಯಿತು. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ ಆರೂವರೆಯ ಸುಮಾರಿಗೆ. ಅಷ್ಟರಲ್ಲಿ ಗೇಟಿನ ಹತ್ತಿರ ಇದ್ದರೆ ಸಾಕು, ಕತ್ತಲಲ್ಲೇ ಬಂದು ಕಾಯುವ ಅಗತ್ಯವಿಲ್ಲ. ಒಂದು ವಿಷಯ ಗಮನದಲ್ಲಿರಲಿ: ನಗರದ ಎಷ್ಟೋ ಕೆರೆಗಳಲ್ಲಿ ಮಧ್ಯಾಹ್ನದ ಹೊತ್ತು ಗೇಟು ಹಾಕಿರುತ್ತಾರೆ. ಒಳಗೆ ಹೋಗುವಾಗಲೇ ಬೋರ್ಡಿನಲ್ಲಿ ಸಮಯ ನೋಡಿಕೊಳ್ಳಿ.

ನಾವು ಹೋದ ದಿನ ದಟ್ಟ ಮಂಜು. ನೀರು ಎಲ್ಲಿ, ದಡ ಎಲ್ಲಿ ಗೊತ್ತಾಗುತ್ತಿರಲಿಲ್ಲ. ಮಂಜು ಇದ್ದರೆ ಬೇಸರ ಮಾಡಿಕೊಳ್ಳಬೇಡಿ, ಅದು ಕಿವಿಗೆ ಕೆಲಸ ಕೊಡುವ ಹೊತ್ತು. ಜೊಂಡಿನ ಒಳಗಿಂದ ಜಂಬುಕೋಳಿಗಳ ಕೂಗು, ಮರದಲ್ಲಿ ಕುಟ್ರುಹಕ್ಕಿ, ತಲೆಯ ಮೇಲೆ ಹಾರುತ್ತಾ ಕಿರುಚುವ ಟಿಟ್ಟಿಭ, ಇಷ್ಟನ್ನು ಮೊದಲ ಅರ್ಧ ಗಂಟೆಯಲ್ಲಿ ಕೇಳಿಯೇ ಗುರುತಿಸಿದೆವು. ಮೊಬೈಲ್‌ನಲ್ಲಿ ಮರ್ಲಿನ್ ಅನ್ನುವ ಆ್ಯಪ್ ಹಾಕಿಕೊಂಡಿದ್ದರೆ ಹಕ್ಕಿಯ ಕೂಗು ಕೇಳಿಸಿಕೊಂಡು ಹೆಸರು ಹೇಳುತ್ತದೆ. ದುಡ್ಡು ಕೊಡಬೇಕಿಲ್ಲ. ಆದರೆ ಅದು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ನಂಬಬೇಡಿ, ಹಕ್ಕಿಯನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಿ. ಆ್ಯಪ್‌ನಲ್ಲಿರುವ ಕೂಗನ್ನು ಜೋರಾಗಿ ಹಾಕಿ ಹಕ್ಕಿಯನ್ನು ಹೊರಗೆ ಕರೆಯುವ ಕೆಲಸವಂತೂ ಬೇಡವೇ ಬೇಡ. ಇನ್ನೊಂದು ಹಕ್ಕಿ ತನ್ನ ಜಾಗಕ್ಕೆ ನುಗ್ಗಿದೆ ಅಂದುಕೊಂಡು ಅದು ಗಾಬರಿಯಾಗುತ್ತದೆ.

ಮಂಜು ಕರಗಿದ ಮೇಲೆ ನಿಲ್ಲಬೇಕಾದ ಜಾಗ ಅಂದರೆ ಉತ್ತರದ ತುದಿ, ನೀರು ಕೆರೆಗೆ ಬಂದು ಸೇರುವ ಕಡೆ. ಹೆಚ್ಚಿನವರು ಇಲ್ಲಿ ನಿಲ್ಲುವುದಿಲ್ಲ. ಸ್ವಲ್ಪ ವಾಸನೆ ಇರುತ್ತದೆ, ನೋಡಲು ಅಂದವೂ ಅಲ್ಲ. ಆದರೆ ಇಡೀ ಕೆರೆಯ ಜೀವ ಇರುವುದೇ ಅಲ್ಲಿ. ಕೆರೆಯ ಮೇಲ್ಭಾಗದಲ್ಲಿ ಕೊಳಚೆ ನೀರು ಶುದ್ಧೀಕರಿಸುವ ಘಟಕ ಇದೆ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದಿಂದ ಶುರುವಾದದ್ದು ಅದು. ಅಲ್ಲಿಂದ ಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಜೊಂಡು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಹರಿದು ಬರುತ್ತದೆ. ನೀರಿನಲ್ಲಿ ಉಳಿದ ನೈಟ್ರೇಟು, ಫಾಸ್ಫೇಟನ್ನು ಗಿಡಗಳು ಹೀರಿಕೊಳ್ಳುತ್ತವೆ. ಹುಳ, ಬಸವನಹುಳು, ಸಣ್ಣ ಮೀನು ಎಲ್ಲಕ್ಕೂ ಅಲ್ಲಿ ಊಟ. ಅವನ್ನು ಹುಡುಕಿಕೊಂಡು ಹಕ್ಕಿಗಳು ಬರುತ್ತವೆ. ನೀರಿನ ಆಳ ಕಡಿಮೆ ಇರುವುದರಿಂದ ಉದ್ದ ಕಾಲಿನ ಹಕ್ಕಿಗಳಿಗೂ ನಿಲ್ಲಲು ಅನುಕೂಲ.

ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಊರು ದಿಣ್ಣೆಯ ಮೇಲೆ ಇದೆ. ನಮ್ಮ ಹಿರಿಯರು ಇಳಿಜಾರು ನೋಡಿ ಏರಿ ಕಟ್ಟಿ, ಒಂದು ಕೆರೆ ತುಂಬಿದರೆ ಕೋಡಿ ಹರಿದು ಇನ್ನೊಂದಕ್ಕೆ ಹೋಗುವ ಹಾಗೆ ಮಾಡಿದರು. ಯಲಹಂಕ ಕಡೆಯ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ. ಆಗ ಮಳೆ ನೀರು ಬರುತ್ತಿತ್ತು. ಈಗ ಬೇಸಿಗೆಯಲ್ಲೂ ಕೆರೆಯಲ್ಲಿ ನೀರು ಕಾಣುತ್ತದೆ ಅಂದರೆ ಅದಕ್ಕೆ ಮುಖ್ಯ ಕಾರಣ ನಮ್ಮ ಬಚ್ಚಲಿನ ನೀರೇ ತೊಳೆದುಕೊಂಡು ಬರುತ್ತಿರುವುದು. ಇದು ನನಗೆ ತುಂಬಾ ದೊಡ್ಡ ವಿಷಯ ಅನ್ನಿಸುತ್ತದೆ. ಹಕ್ಕಿ ನೋಡುವ ಮುಂಚೆ ಮಕ್ಕಳಿಗೆ ಇದನ್ನು ತೋರಿಸಿ.

ಅಲ್ಲಿ ನಿಂತು ಒಂದು ಗಂಟೆ ಅಲುಗಾಡಲಿಲ್ಲ. ಜೊಂಡಿನ ಅಂಚಿನಲ್ಲಿ ಕೆನ್ನೀಲಿ ಬಕ ಕೋಲಿನ ಹಾಗೆ ನಿಂತಿತ್ತು. ಅಷ್ಟು ಹೊತ್ತೂ ಅಲ್ಲೇ ಇತ್ತು, ನಮಗೆ ಕಂಡದ್ದು ಅದು ಕುತ್ತಿಗೆ ಚಾಚಿದಾಗ. ನೀಲಿ ಮೈ, ಕೆಂಪು ಕೊಕ್ಕಿನ ಜಂಬುಕೋಳಿ ಒಂದು ದಂಟನ್ನು ಕಿತ್ತು, ಕಾಲಲ್ಲಿ ಹಿಡಿದುಕೊಂಡು ತಿನ್ನುತ್ತಿತ್ತು. ಆಚೆ ಕಪ್ಪು ಮೈಯ, ಹಣೆಯಲ್ಲಿ ಬಿಳಿ ನಾಮವಿರುವ ನಾಮದ ಕೋಳಿಗಳು. ಗುಳುಮುಳಕ ಕಣ್ಣೆದುರೇ ಮುಳುಗಿ ಎಲ್ಲೋ ಏಳುತ್ತಿತ್ತು. ಅಷ್ಟರಲ್ಲಿ ಹುಡುಗಿ ನನ್ನ ಅಂಗಿ ಜಗ್ಗಿ, "ಮಾಮ, ಅಲ್ಲಿ ಹಾವು ಈಜ್ತಾ ಇದೆ!" ಅಂದಳು. ನೋಡಿದರೆ ಹಾವಕ್ಕಿ. ಮೈಯೆಲ್ಲ ನೀರೊಳಗೆ, ಕುತ್ತಿಗೆ ಮಾತ್ರ ಹೊರಗೆ. ಸ್ವಲ್ಪ ಹೊತ್ತಿಗೆ ಒಣಗಿದ ಮರದ ಮೇಲೆ ಕೂತು ರೆಕ್ಕೆ ಬಿಚ್ಚಿಕೊಂಡು ಬಿಸಿಲು ಕಾಯಿಸಿತು. ಬಾತಿನ ಹಾಗಲ್ಲ, ಅದರ ರೆಕ್ಕೆ ನೀರು ಹೀರುತ್ತದೆ. ಹಾಗಾಗಿ ಒಣಗಿಸಿಕೊಳ್ಳಲೇಬೇಕು.

ಹೆಜ್ಜಾರ್ಲೆಗಳನ್ನು (ಪೆಲಿಕನ್) ನೋಡಲು ಏರಿಯ ಮೇಲೆ ನಿಲ್ಲಿ. ಅಲ್ಲಿಂದ ತೆರೆದ ನೀರು ಪೂರ್ತಿ ಕಾಣುತ್ತದೆ. ನೀರುಕಾಗೆಗಳ ಗುಂಪು ಮುಳುಗುತ್ತಾ ಏಳುತ್ತಾ ಒಂದೇ ದಿಕ್ಕಿಗೆ ಹೊರಟಿತು ಅಂದರೆ ಹೆಜ್ಜಾರ್ಲೆ, ಬೆಳ್ಳಕ್ಕಿಗಳೂ ಹಿಂದೆಯೇ ಬರುತ್ತವೆ, ಕಣ್ಣು ಕೀಳಬೇಡಿ. ಒಂಬತ್ತು ಗಂಟೆ ದಾಟಿ ನೆಲ ಕಾದ ಮೇಲೆ ಒಂದಷ್ಟು ಹೆಜ್ಜಾರ್ಲೆಗಳು ಮೇಲೆದ್ದು, ರೆಕ್ಕೆ ಬಡಿಯದೆ ಗುಂಡಗೆ ಸುತ್ತುತ್ತಾ ಎತ್ತರಕ್ಕೆ ಹೋದವು. ಒಂದೊಂದರ ರೆಕ್ಕೆ ಏಳೆಂಟು ಅಡಿ ಅಗಲ. ಇವನ್ನು ಗೂಡಿನಲ್ಲಿ ಮರಿಗಳ ಜೊತೆ ನೋಡುವ ಆಸೆ ಇದ್ದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಅಲ್ಲಿ ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ.

ಏರಿಯ ಹತ್ತಿರ ಮೀನು ಹಿಡಿಯುವ ಒಬ್ಬರು ಬಲೆ ಬಿಡಿಸುತ್ತಿದ್ದರು. "ಏನಣ್ಣ, ಇವತ್ತು ಏನು ಸಿಕ್ತು?" ಅಂತ ಅಕ್ಕ ಕೇಳಿದಳು. "ಜಿಲೇಬಿ ಜಾಸ್ತಿ ಕಣಮ್ಮ, ಕಾಟ್ಲಾ ಕಮ್ಮಿ" ಅಂದರು. ಹಕ್ಕಿ ಯಾವ ಮೂಲೆಯಲ್ಲಿವೆ ಅಂತ ಅವರೇ ತೋರಿಸಿದ್ದು. ಇಂಥವರನ್ನು ಮಾತಾಡಿಸಿ, ನೀರು ಯಾವಾಗ ಏರಿತು, ಯಾವಾಗ ಇಳಿಯಿತು ಎಲ್ಲ ಅವರಿಗೆ ಗೊತ್ತಿರುತ್ತದೆ.

ತೆಗೆದುಕೊಂಡು ಹೋಗಬೇಕಾದ್ದು ಜಾಸ್ತಿ ಇಲ್ಲ. ಬೈನಾಕ್ಯುಲರ್ ಕೊಳ್ಳುವುದಾದರೆ 8×42 (ಎಂಟು ಪಟ್ಟು ಹತ್ತಿರ ತೋರಿಸುವಂಥದ್ದು, ಮುಂದಿನ ಗಾಜು 42 ಮಿ.ಮೀ.) ಸಾಕು, ಇನ್ನೂ ಹತ್ತಿರ ಕಾಣಲಿ ಅಂತ ದೊಡ್ಡದು ಕೊಂಡರೆ ಕೈ ನಡುಗಿದಾಗ ಎಲ್ಲವೂ ನಡುಗುತ್ತದೆ. ಸೂರ್ಯ ಬೆನ್ನಿಗೆ ಇರುವ ಹಾಗೆ ನಿಲ್ಲಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪಗೇ ಕಾಣುತ್ತದೆ. ಟೋಪಿ, ನೀರು, ಮುಚ್ಚಿದ ಶೂ ಇರಲಿ. ಹುಲ್ಲಿನೊಳಗೆ ಇಳಿಯಬೇಡಿ. ನೀರಿನಲ್ಲಿ ಕಾಣುವ ನೀರೊಳ್ಳೆಗೆ ವಿಷವಿಲ್ಲ, ಆದರೆ ಬೆಂಗಳೂರಿನ ಪೊದೆಗಳಲ್ಲಿ ಕೊಳಕುಮಂಡಲವೂ ಇರುತ್ತದೆ. ಬಿಸಿಲೇರಿ ಹಕ್ಕಿ ಕಡಿಮೆಯಾದ ಮೇಲೆ ಮಕ್ಕಳಿಗೆ ಏರೋಪ್ಲೇನ್ ಚಿಟ್ಟೆ ತೋರಿಸಿ, ದಡದಲ್ಲಿ ಬೇಕಾದಷ್ಟು ಇರುತ್ತವೆ. ಮೀನಿಗೆ ಬ್ರೆಡ್ಡು, ಪುರಿ ಹಾಕುವುದನ್ನು ಮಾತ್ರ ಕಲಿಸಬೇಡಿ. ಅದು ನೀರನ್ನು ಕೆಡಿಸುತ್ತದೆ.

ಇನ್ನೊಂದು ಮಾತು. "ಈ ಜೊಂಡೆಲ್ಲ ಕಿತ್ತು ಕ್ಲೀನ್ ಮಾಡಬಾರದಾ?" ಅಂತ ಅಲ್ಲಿ ಒಬ್ಬರು ಬೇಸರ ಮಾಡಿಕೊಂಡಿದ್ದರು. ನೀರನ್ನೆಲ್ಲ ಮುಚ್ಚಿಬಿಡುವ ಅಂತರಗಂಗೆಯನ್ನು ತೆಗೆಯಲೇಬೇಕು, ಒಪ್ಪುತ್ತೇನೆ. ಆದರೆ ಜೊಂಡು ಹೋದರೆ ಜಂಬುಕೋಳಿ ಗೂಡು ಎಲ್ಲಿ ಕಟ್ಟಬೇಕು? ನೀರನ್ನು ಯಾರು ಸೋಸಬೇಕು? ದಡದ ತುಂಬ ಕಲ್ಲು ಕಟ್ಟಿ, ದೀಪ ಹಾಕಿದ ಕೆರೆ ನಮಗೆ ಚಂದ, ಹಕ್ಕಿಗಲ್ಲ. ಪಕ್ಕದಲ್ಲಿ ಯಾರಾದರೂ ಹೀಗೆ ಕೇಳಿದರೆ ದಯವಿಟ್ಟು ನಿಧಾನವಾಗಿ ವಿವರಿಸಿ.

ದಕ್ಷಿಣ, ಪೂರ್ವ ಬೆಂಗಳೂರಿನವರಿಗೆ ಜಕ್ಕೂರು ದೂರವಾದರೆ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಇದೆ. ಚಿಕ್ಕದು, ಮಕ್ಕಳಿಗೆ ಸುಲಭ. ನೋಡಿದ ಹಕ್ಕಿಗಳ ಪಟ್ಟಿಯನ್ನು ಮನೆಗೆ ಬಂದ ಮೇಲೆ, ಹಕ್ಕಿ ನೋಡುವವರು ತಮ್ಮ ಲೆಕ್ಕ ದಾಖಲಿಸುವ ವೆಬ್‌ಸೈಟ್ ಇಬರ್ಡ್‌ನಲ್ಲಿ ಸೇರಿಸಿ. ಎಷ್ಟಿದ್ದವು ಅಂತ ಸಂಖ್ಯೆಯನ್ನೂ ಬರೆಯಿರಿ, ಅಂದಾಜಾದರೂ ಪರವಾಗಿಲ್ಲ. ಮಾಮೂಲಿ ಹಕ್ಕಿ ಅಂತ ಕಾಗೆ, ಹದ್ದನ್ನು ಬಿಡಬೇಡಿ.