ತೊಟ್ಟಿ ತುಂಬಿದೋರು ಯಾರು?

ಮಂಗಳವಾರ ರಾತ್ರಿ ಊಟ ಮುಗಿಸಿ ಮೂವರೂ ಟೀವಿ ಮುಂದೆ ಕೂತಿದ್ದೆವು. ಕಪ್ಪು ಬಿಳುಪಿನ ಹಳೇ ಕೌಬಾಯ್ ಸಿನಿಮಾ. ಸಲೂನಿನ, ಅಂದರೆ ಹೆಂಡದಂಗಡಿಯ, ಬಾಗಿಲಿಂದ ಇಬ್ಬರು ಹೊಡೆದಾಡುತ್ತಲೇ ಬೀದಿಗೆ ಬಂದರು. ನಾಯಕನ ಕೊನೆಯ ಗುದ್ದಿಗೆ ಖಳ ತೂರಾಡಿಕೊಂಡು ಹಿಂದಕ್ಕೆ ಹೋಗಿ, ಕುದುರೆಗಳಿಗೆ ನೀರಿಡುವ ಮರದ ತೊಟ್ಟಿಯೊಳಗೆ ದಬಕ್ಕನೆ ಬಿದ್ದ. ಅರ್ಧ ತೊಟ್ಟಿ ನೀರು ಮಣ್ಣಿಗೆ ಚೆಲ್ಲಿತು.

"ಅಯ್ಯೋ, ನೀರೆಲ್ಲಾ ಚೆಲ್ಲೋಯ್ತಲ್ಲೇ!" ಅಂದಳು ಅವ್ವ.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಈ ಊರಾಗೆ ಮಳೆ ಕಾಣೆ, ಬೆಳೆ ಕಾಣೆ, ಬರೀ ಧೂಳು. ಒಂದು ಹೆಣ್ಣಾದ್ರೂ ಕೊಡ ಹೊತ್ಕೊಂಡು ಹೋಗಿದ್ದು ನಾ ನೋಡ್ಲಿಲ್ಲ. ಮತ್ತೆ ಆ ತೊಟ್ಟಿ ತುಂಬಿದೋರು ಯಾರೇ?"

ನನ್ನ ಗಂಡ ನಕ್ಕು, "ಅತ್ತೆ, ಅದು ಸೆಟ್ಟು. ಪೈಪ್ ಹಾಕಿ ತುಂಬಿಸಿರ್ತಾರೆ" ಅಂದ. ನಾನೂ ನಕ್ಕೆ.

"ಸಿನಿಮಾದೋರು ತುಂಬ್ತಾರೆ ಅಂತ ನಂಗೂ ಗೊತ್ತೈತೆ ಅಳಿಯಂದ್ರೆ. ನಾ ಕೇಳಿದ್ದು, ಕತೆಯಾಗೆ ಯಾರು ತುಂಬಿದ್ರು ಅಂತ."

ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ನನ್ನ ಗಂಡ ಒಳ್ಳೆಯವನು, ಆದರೆ ಯಾರು ಏನು ಕೇಳಿದರೂ ಪ್ರಶ್ನೆ ಪೂರ್ತಿ ಕಿವಿಗೆ ಬೀಳುವ ಮೊದಲೇ ಉತ್ತರ ಕೊಟ್ಟುಬಿಡುವ ಆತುರ ಅವನದು. ಬೆಂಗಳೂರಲ್ಲಿ ನಲ್ಲಿ ನೀರು ಕುಡಿದು ಬೆಳೆದವನು. ನಾನು ನಕ್ಕಿದ್ದಕ್ಕೆ ಆ ಕಾರಣವೂ ಇಲ್ಲ. ಚಳ್ಳಕೆರೆ ಕಡೆಯ ಹಳ್ಳಿಯಲ್ಲಿ ಏಳನೇ ಕ್ಲಾಸಿನವರೆಗೂ ಬೆಳಗ್ಗೆ ನಾಲ್ಕು ಕೊಡ ನೀರು ತಂದು ಹಾಕಿ ಆಮೇಲೆ ಸ್ಕೂಲಿಗೆ ಹೋದವಳು ನಾನು. ಬೋರ್‌ವೆಲ್ ಹತ್ತಿರ ಕೊಡಗಳ ಸಾಲು, ಯಾರದು ಮುಂದೆ ಯಾರದು ಹಿಂದೆ ಅಂತ ಜಗಳ, ಹಿತ್ತಾಳೆ ಕೊಡದ ಅಂಚು ಒತ್ತಿ ಒತ್ತಿ ಸೊಂಟದ ಮೇಲೆ ಎದ್ದ ಕಪ್ಪು ಗೆರೆ. ಆ ಗೆರೆ ಮಾಯ್ದು ಎಷ್ಟೋ ವರ್ಷ ಆಯಿತು. ಅದಕ್ಕೇ ಇರಬೇಕು, ನಕ್ಕುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಅವ್ವ ಲಾಸ್ ಏಂಜಲೀಸಿಗೆ ಬಂದು ಎರಡು ತಿಂಗಳಾಯಿತು. ಪರಿಚಯದವರೆಲ್ಲ ಊರಿಂದ ಬಂದ ಅಪ್ಪ ಅಮ್ಮಂದಿರನ್ನು ಮಾಲ್‌ಗೆ, ದೇವಸ್ಥಾನಕ್ಕೆ, ಮತ್ತೆ ಮಾಲ್‌ಗೆ ಕರೆದುಕೊಂಡು ಹೋಗುತ್ತಾರೆ. ಅವ್ವನಿಗೆ ಮಾಲ್‌ನಲ್ಲಿ ಕಾಲು ನೋವು ಬರುತ್ತದೆ. ಈ ಹಳೇ ಕೌಬಾಯ್ ಸಿನಿಮಾ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಾಳೆ. ಮಾತು ತಿಳಿಯದಿದ್ದರೂ ಕತೆ ತಿಳಿಯುತ್ತದೆ: ಒಂದು ಊರು, ಊರಿಗೊಬ್ಬ ದುರುಳ, ಹೊರಗಿಂದ ಕುದುರೆ ಏರಿ ಬಂದವನೊಬ್ಬ. ಒಂದು ಗಂಟೆಯೊಳಗೆ ಮುಗಿದೂ ಹೋಗುತ್ತದೆ. ಇವುಗಳಲ್ಲಿ ಎಷ್ಟೋ ಚಿತ್ರಗಳ ಹಕ್ಕುಸ್ವಾಮ್ಯವನ್ನು ಯಾರೂ ನವೀಕರಿಸಲಿಲ್ಲ, ಹಾಗಾಗಿ ಯೂಟ್ಯೂಬಿನಲ್ಲಿ ರಾಶಿ ರಾಶಿ ಸಿಗುತ್ತವೆ.

ಮೂವತ್ತು ನಲವತ್ತರ ದಶಕದಲ್ಲಿ ಮಾನೊಗ್ರಾಮ್, ರಿಪಬ್ಲಿಕ್‌ನಂಥ ಸಣ್ಣ ಕಂಪನಿಗಳು ಇವನ್ನು ಇಡ್ಲಿ ಬೇಯಿಸಿದ ಹಾಗೆ ತೆಗೆಯುತ್ತಿದ್ದವು. ಅಂಥ ಕಂಪನಿಗಳಿಗೆಲ್ಲ ಸೇರಿ 'ಪಾವರ್ಟಿ ರೋ' ಅಂತಲೇ ಹೆಸರು, ಅಂದರೆ ಬಡವರ ಸಾಲು. ಹಾಲಿವುಡ್ಡಿನ ಸನ್‌ಸೆಟ್ ಮತ್ತು ಗೋವರ್ ರಸ್ತೆ ಕೂಡುವ ಮೂಲೆಯಲ್ಲಿ ಕೌಬಾಯ್ ವೇಷ ತೊಟ್ಟವರು ಬೆಳಗ್ಗೆಯೇ ಬಂದು, ಇವತ್ತು ಕೆಲಸ ಸಿಗುತ್ತದಾ ಅಂತ ಕಾಯುತ್ತಿದ್ದರು. ಅವರಲ್ಲಿ ನಿಜವಾಗಿಯೂ ದನ ಮೇಯಿಸಿ, ರ‍್ಯಾಂಚ್‌ಗಳಲ್ಲಿ ಕೆಲಸ ತಪ್ಪಿ ಬಂದವರು ಬೇಕಾದಷ್ಟು. ನಮ್ಮೂರ ಬಸ್‌ಸ್ಟ್ಯಾಂಡ್ ಮುಂದೆ ಗುದ್ದಲಿ ಹಿಡಿದು ಕೂಲಿಗೆ ಕಾಯುವವರ ಹಾಗೆ. ಒಂದು ಮುಖ ಹೆಚ್ಚಾದರೆ ಒಂದು ದಿನದ ಕೂಲಿ ಹೆಚ್ಚು. ಆದ್ದರಿಂದ ಬೀದಿಯಲ್ಲಿ ಜನ ಕಡಿಮೆ. ಶಾಲೆ ಇಲ್ಲ, ಪಂಚಾಯಿತಿ ಇಲ್ಲ, ಬಟ್ಟೆ ಒಗೆಯುವವರಿಲ್ಲ, ಒಲೆ ಹೊಗೆಯಾಡುವುದಿಲ್ಲ. ಗುಂಡಿನ ಸದ್ದು ಕೇಳಿದರೆ ಕಿಟಕಿ ಮುಚ್ಚುವ ಎರಡು ಕೈ ಮಾತ್ರ. ಆ ಊರಿಗೆ ಕಾನೂನು ಇಲ್ಲ ಅಂತ ನಾವು ಅಂದುಕೊಂಡಿದ್ದು. ನಿಜ ಹೇಳಬೇಕೆಂದರೆ ಆ ಊರಿಗೆ ಊರೇ ಇರಲಿಲ್ಲ. ಅದನ್ನು ಕಟ್ಟಿ ತೋರಿಸಲು ಅವರ ಹತ್ತಿರ ದುಡ್ಡಿರಲಿಲ್ಲ.

ಬುಧವಾರ ಆಫೀಸಿನಲ್ಲೂ ಅದೇ ಪ್ರಶ್ನೆ ತಲೆಯಲ್ಲಿ. ಊಟದ ಹೊತ್ತಿನಲ್ಲಿ ಅರಿಜೋನಾದ ಟೂಂಬ್‌ಸ್ಟೋನ್ ಬಗ್ಗೆ ಓದಿದೆ. ಗುಂಡಿನ ಊರು ಅಂದರೆ ಮೊದಲು ಬಾಯಿಗೆ ಬರುವ ಹೆಸರು ಅದು. 1881ರ ಅಕ್ಟೋಬರ್ 26ರಂದು ಅಲ್ಲಿ ನಡೆದ ಗುಂಡಿನ ಕಾಳಗ ಸುಮಾರು ಮೂವತ್ತು ಸೆಕೆಂಡಿನಲ್ಲಿ ಮುಗಿದಿತ್ತು. ಊರೊಳಗೆ ಬಂದೂಕು ಹಿಡಿದು ತಿರುಗಬಾರದು ಅಂತ ಅದೇ ವರ್ಷ ಊರವರೇ ಕಾನೂನು ಮಾಡಿದ್ದರು, ಆ ಕಾಳಗ ಶುರುವಾಗಿದ್ದೂ ಆಯುಧ ಕೆಳಗಿಡಿ ಅಂದಿದ್ದಕ್ಕೇ. ಸಿನಿಮಾದಲ್ಲಿ ಕಾಣದ ಇನ್ನೊಂದು ಸಂಗತಿ ನನಗೆ ಹೆಚ್ಚು ಹಿಡಿಸಿತು. ಆ ಊರಿಗೆ ಮೊದಮೊದಲು ಗಾಡಿಯಲ್ಲಿ ನೀರು ತಂದು ಮಾರುತ್ತಿದ್ದರು. ನಮ್ಮ ಟ್ಯಾಂಕರ್ ನೀರಿನ ಹಾಗೇ. ದೊಡ್ಡ ಬೆಂಕಿಗಳು ಬಿದ್ದು ಬೀದಿಗೆ ಬೀದಿಯೇ ಸುಟ್ಟ ಆ ದಿನಗಳಲ್ಲೇ, 1882ರ ಹೊತ್ತಿಗೆ, ಹುವಾಚುಕಾ ಬೆಟ್ಟಗಳಿಂದ ಇಪ್ಪತ್ತು ಮೈಲಿಗೂ ಉದ್ದಕ್ಕೆ ಕೊಳವೆ ಎಳೆದು ನೀರು ತಂದರು. ಊರಿಗೆ ಈಗಲೂ ಆ ಬೆಟ್ಟದ ನೀರು ಬರುತ್ತದೆ. ಮೂವತ್ತು ಸೆಕೆಂಡಿನ ಜಗಳಕ್ಕೆ ಎಷ್ಟು ಸಿನಿಮಾ! ಇಪ್ಪತ್ತು ಮೈಲಿ ಕೊಳವೆ ಹೂತವರ ಮೇಲೆ ಒಂದನ್ನೂ ನಾನು ನೋಡಿಲ್ಲ.

ಸಂಜೆ ಅವ್ವನಿಗಾಗಿ ಹುಡುಕಿ ಒಂದು ಸಿನಿಮಾ ಹಾಕಿದೆ. 'ರೈಡರ್ಸ್ ಆಫ್ ಡೆಸ್ಟಿನಿ'. ಜಾನ್ ವೇಯ್ನ್ ಇನ್ನೂ ದೊಡ್ಡ ನಟನಾಗಿರದ ಕಾಲದ್ದು. ಅದರ ಖಳ ಸುತ್ತಲಿನ ನೀರನ್ನೆಲ್ಲ ಹಿಡಿದಿಟ್ಟುಕೊಂಡು, ರೈತರು ಜಮೀನು ಮಾರಿಕೊಂಡು ಹೋಗುವ ಹಾಗೆ ಹಿಂಡುತ್ತಾನೆ. ಕೊನೆಗೆ ಬಾವಿಗೆ ಸಿಡಿಮದ್ದು ಇಟ್ಟಾಗ ನೀರು ಭೋರ್ಗರೆದು ಎಲ್ಲರ ಪಾಲಿಗೂ ಹರಿಯುತ್ತದೆ. ಅವ್ವ ಎದ್ದೇ ನಿಂತಳು. "ಯಾವ ವರ್ಸದ್ದೇ ಇದು?" ಅಂದಳು. 1933 ಅಂದೆ. "ಮಾರಿಕಣಿವೆ ಕೋಡಿ ಬಿದ್ದ ವರ್ಸ" ಅಂದಳು ತಕ್ಷಣ. ಅವಳಿಗೆ ಅದು ಅವರಪ್ಪ ಹೇಳಿದ ಲೆಕ್ಕ. ಮಾರಿಕಣಿವೆ ಅಂದರೆ ನಮ್ಮ ಕಡೆಯ ವಾಣಿವಿಲಾಸ ಸಾಗರ ಅಣೆಕಟ್ಟು. ಅದು ಆ ವರ್ಷ ಕೋಡಿ ಬಿದ್ದಿದ್ದು ಬಿಟ್ಟರೆ ಮತ್ತೆ ಬಿದ್ದಿದ್ದು 2022ರಲ್ಲಿ. ಆಗ ಊರಿಗೆ ಊರೇ ಟ್ರ್ಯಾಕ್ಟರ್ ಹತ್ತಿ ನೋಡಲು ಹೋಗಿತ್ತು, ಅವ್ವನೂ ಹೋಗಿ ಅರಿಶಿನ ಕುಂಕುಮ ಬಿಟ್ಟು ಬಂದಿದ್ದಳು.

ಶನಿವಾರ ಬೆಳಗ್ಗೆ ಐದಕ್ಕೇ ಹೊರಟೆವು, ಲೋನ್ ಪೈನ್‌ಗೆ. ನಮ್ಮ ಮನೆಯಿಂದ ಉತ್ತರಕ್ಕೆ ಮೂರೂವರೆ ಗಂಟೆ ದಾರಿ. ಆ ಊರ ಪಕ್ಕದ ಅಲಬಾಮ ಹಿಲ್ಸ್‌ನಲ್ಲಿ 1920ರಿಂದಲೂ ಇಂಥ ಚಿತ್ರಗಳನ್ನು ತೆಗೆಯುತ್ತಾ ಬಂದಿದ್ದಾರೆ, ಅಲ್ಲೊಂದು ಮ್ಯೂಸಿಯಂ ಕೂಡ ಇದೆ. ಊರು ಮುಟ್ಟುವ ಮೊದಲು ಬಲಕ್ಕೆ ದೊಡ್ಡ ಬಿಳಿ ಬಯಲು ಕಂಡಿತು. ಓವೆನ್ಸ್ ಕೆರೆ. ಲಾಸ್ ಏಂಜಲೀಸ್ ನಗರ ಓವೆನ್ಸ್ ನದಿಯ ನೀರನ್ನು 1913ರಲ್ಲಿ 233 ಮೈಲಿ ದೂರ ಕಾಲುವೆ, ಕೊಳವೆಗಳಲ್ಲಿ ತಿರುಗಿಸಿಕೊಂಡ ಮೇಲೆ ಆ ಕೆರೆ ಒಣಗಿತು. ಒಣಗಿದ ತಳದಿಂದ ಎಂಥ ಧೂಳು ಎದ್ದಿತೆಂದರೆ, ಅದನ್ನು ಅಡಗಿಸಲು ಆ ನಗರವೇ ಇನ್ನೂರು ಕೋಟಿ ಡಾಲರ್‌ಗಿಂತ ಹೆಚ್ಚು ಸುರಿಯಬೇಕಾಯಿತು. ಅಲ್ಲಲ್ಲಿ ತಳಕ್ಕೆ ನೀರು ಹಾಯಿಸಿ ನೆನೆಸಿಡುತ್ತಾರೆ. ಇದನ್ನು ಹೇಳಿದಾಗ ಅವ್ವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಕೆರೆ ನೀರು ಹೊತ್ಕೊಂಡು ಹೋಗಿ, ಈಗ ಅಂಗಳಕ್ಕೆ ಚಿಮುಕಿಸ್ದಂಗೆ ಚಿಮುಕಿಸ್ತಾರಾ?"

ಬಂಡೆಗಳನ್ನು ನೋಡಿ ಮಾತ್ರ ಅವಳ ಮುಖ ಅರಳಿತು. ಒಂದರ ಮೇಲೊಂದು ಕೂತ ಗುಂಡು ಗುಂಡು ಬಂಡೆಗಳು, ಹಿಂದೆ ಹಿಮದ ಬೆಟ್ಟ. ಹಿಮ ಒಂದು ಮರೆಮಾಡಿದರೆ ನಮ್ಮ ದುರ್ಗವೇ. ಚಪ್ಪಲಿ ಬಿಟ್ಟು ಹತ್ತಿದಳು. "ಈ ಬಂಡೆ ಹಿಂದೇನೇ ಅಲ್ವಾ ಕಳ್ಳರು ಕೂತ್ಕೊಳ್ಳೋದು?" ಅಂದಳು. ಹೌದು, ನೂರಾರು ಚಿತ್ರಗಳಲ್ಲಿ ಕಳ್ಳರು ಅವೇ ಬಂಡೆಗಳ ಹಿಂದೆ ಕೂತಿದ್ದಾರೆ. 'ಇಂಡಿಯನ್ನರು', ಅಂದರೆ ಅಮೆರಿಕದ ಮೂಲನಿವಾಸಿಗಳು, ಎಂದು ತೋರಿಸಿದವರನ್ನು ಗುಂಡಿಟ್ಟು ಉರುಳಿಸಿದ್ದೂ ಇಂಥ ಬಂಡೆಗಳಿಂದಲೇ. ಈ ಕಣಿವೆಯ ಮೂಲನಿವಾಸಿಗಳಾದ ಪೈಯೂಟ್ ಜನ ಬಿಳಿಯರಿಗಿಂತ ಬಹಳ ಮೊದಲೇ ಹೊಳೆಯಿಂದ ಕಾಲುವೆ ತೋಡಿ ನೀರು ಹಾಯಿಸುತ್ತಿದ್ದವರು. 1863ರಲ್ಲಿ ಸೈನ್ಯ ಅವರಲ್ಲಿ ಸಾವಿರದಷ್ಟು ಜನರನ್ನು ಹಿಡಿದು ದೂರದ ಕೋಟೆಗೆ ನಡೆಸಿಕೊಂಡು ಹೋಯಿತು. ನೀರು ತಂದವರನ್ನೇ ಅಟ್ಟಿದ ಜಾಗದಲ್ಲಿ, ಅವರು ದಾಳಿಕೋರರು ಅನ್ನುವ ಕತೆ ಕಟ್ಟಿದರಲ್ಲ, ಅದನ್ನು ನೆನೆದರೆ ನನಗೆ ಈಗಲೂ ಸಂಕಟ.

ಆ ಬಂಡೆಗಳ ನಡುವೆಯೇ ಇನ್ನೊಂದು ಸಂಗತಿ ಸಿಕ್ಕಿತು. 1939ರ 'ಗಂಗಾ ದಿನ್' ತೆಗೆದಿದ್ದೂ ಇಲ್ಲೇ, ಈ ಬೆಟ್ಟಗಳನ್ನೇ ನಮ್ಮ ದೇಶದ ವಾಯವ್ಯ ಗಡಿ ಅಂತ ತೋರಿಸಿದ್ದರು. ಅದು ಬಡವರ ಸಾಲಿನ ಚಿತ್ರವಲ್ಲ, ಭಾರೀ ಖರ್ಚಿನದು. ಅದರ ಗಂಗಾ ದಿನ್ ಬ್ರಿಟಿಷ್ ಸೈನಿಕರಿಗೆ ತೊಗಲ ಚೀಲದಲ್ಲಿ ನೀರು ಹೊರುವ ಭಾರತೀಯ. ಪಾತ್ರ ಮಾಡಿದವನು ಅಮೆರಿಕದ ಬಿಳಿಯ ನಟ. ಅಷ್ಟೊಂದು ದುಡ್ಡು ಸುರಿದಾಗ ಈ ಬಂಡೆಗಳ ನಡುವೆ ನೀರು ಹೊರುವವನೊಬ್ಬ ಬಂದ, ಅವನೂ ನಮ್ಮ ಕಡೆಯವನು. ಅವ್ವನಿಗೆ ಹೇಳಿದೆ. "ಗಂಡಸಾ?" ಅಂತ ಕೇಳಿದಳು. ಹೂಂ ಅಂದೆ. "ಸದ್ಯ" ಅಂದಳು.

ಲೋನ್ ಪೈನ್‌ನಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಹೆದ್ದಾರಿ ಪಕ್ಕದಲ್ಲೇ ಅಲಬಾಮ ಗೇಟ್ಸ್. ಕಾಲುವೆಯ ನೀರನ್ನು ಹೊರಗೆ ಬಿಡುವ ತೂಬು. ಕಾರು ನಿಲ್ಲಿಸಿದೆವು. ಲಾಸ್ ಏಂಜಲೀಸಿನ ಮಾಜಿ ಮೇಯರ್ ಒಬ್ಬ 1905ರ ಸುಮಾರಿಗೆ ಈ ಕಣಿವೆಯಲ್ಲಿ ಜಮೀನು ಕೊಳ್ಳುತ್ತಾ ಬಂದಾಗ, ಕೇಂದ್ರ ಸರ್ಕಾರದ ನೀರಾವರಿ ಯೋಜನೆಗೆ ಇರಬೇಕು ಅಂದುಕೊಂಡು ಮಾರಿದ ರೈತರಿದ್ದರು. ಬಂದೂಕು ಇಲ್ಲ, ಮುಸುಕು ಇಲ್ಲ. ಎಲ್ಲವೂ ಕಾಗದದ ಮೇಲೆ, ಸಹಿ ಮೊಹರಿನೊಂದಿಗೆ. ಹೊಳೆಯೇ ಹೋಯಿತು. 1924ರ ನವೆಂಬರ್ 16ರಂದು ಸುಮಾರು ಎಪ್ಪತ್ತು ಜನ ಬಂದು ಈ ತೂಬು ಹಿಡಿದು, ಬಾಗಿಲು ಎತ್ತಿ, ನೀರನ್ನು ಮತ್ತೆ ಹೊಳೆಯ ದಿಕ್ಕಿಗೆ ಬಿಟ್ಟರು. ನಾಲ್ಕು ದಿನ ಕದಲಲಿಲ್ಲ. ಸುತ್ತಲಿನ ಊರುಗಳಿಂದ ನೂರಾರು ಜನ ಬಂದು ಸೇರಿದರು. ಹೆಂಗಸರು ಅಡುಗೆ ಹೊತ್ತು ತಂದರು, ಮಕ್ಕಳು ಬಂದರು, ಹಾಡು ಕುಣಿತ ಆಯಿತು. ಪಕ್ಕದಲ್ಲೇ ಚಿತ್ರೀಕರಣದಲ್ಲಿದ್ದ ಆ ಕಾಲದ ದೊಡ್ಡ ಕೌಬಾಯ್ ನಟ ಟಾಮ್ ಮಿಕ್ಸ್ ತನ್ನ ವಾದ್ಯದವರನ್ನು ಕಳಿಸಿಕೊಟ್ಟನಂತೆ. ಕೊನೆಗೆ ಸಂಧಾನದ ಭರವಸೆಯ ಮೇಲೆ ಎದ್ದು ಹೋದರು. ನೀರು ಮತ್ತೆ ಲಾಸ್ ಏಂಜಲೀಸಿಗೆ ಹರಿಯಿತು.

ಸಿನಿಮಾದವರು ಹುಡುಕುತ್ತಿದ್ದ ಊರು ಕೂಗಳತೆಯಲ್ಲೇ ಇತ್ತು. ಕಿಟಕಿ ಮುಚ್ಚದ ಊರು, ಕೂಲಿ ಕೇಳದೆ ಬಂದು ನಿಂತ ಜನ. ವಾದ್ಯದವರನ್ನು ಕಳಿಸಿದರು, ಕ್ಯಾಮೆರಾ ಮಾತ್ರ ಬಂಡೆಗಳ ಕಡೆಗೇ ತಿರುಗಿತ್ತು.

ಅವ್ವ ಬೇಲಿಯ ತಂತಿ ಹಿಡಿದು ಬಹಳ ಹೊತ್ತು ನಿಂತಿದ್ದಳು. "ಇದೇ ನೀರಾ ನಿಮ್ಮನೆ ನಲ್ಲಿಗೆ ಬರೋದು?"

"ಪೂರ್ತಿ ಇದೇ ಅಲ್ಲ, ಇದೂ ಬರುತ್ತೆ ಕಣವ್ವ."

ಅವಳು ಏನೂ ಅನ್ನಲಿಲ್ಲ. ಊರಲ್ಲಿ ನಮ್ಮಣ್ಣ ಸಾವಿರ ಅಡಿ ಬೋರ್ ಕೊರೆಸಿ, ಪಕ್ಕದ ತೋಟದವರ ಬೋರ್ ಒಣಗಿದಾಗಲೂ ಅವಳು ಹೀಗೇ ಸುಮ್ಮನಿದ್ದಳು. ಅಣ್ಣ ಮಾಡಿದ್ದು ಕಾನೂನಿನ ಪ್ರಕಾರ ಸರಿ. ನನಗೆ ಆ ವಿಷಯದಲ್ಲಿ ಅವನ ಮೇಲೆ ಇವತ್ತಿಗೂ ಕೋಪ ಇದೆ, ಅವನಿಗೆ ಹೇಳಿಯೂ ಇದ್ದೇನೆ. ಆದರೆ ಹನ್ನೆರಡು ವರ್ಷದಿಂದ ಈ ಊರಲ್ಲಿ ನಲ್ಲಿ ತಿರುಗಿಸುತ್ತಿರುವ ನಾನು, ಈ ನೀರು ಎಲ್ಲಿಂದ ಬರುತ್ತದೆ ಅಂತ ಒಂದು ಸಲವೂ ಕೇಳಿರಲಿಲ್ಲ.

ಮನೆಗೆ ಬಂದಾಗ ರಾತ್ರಿ ಒಂಬತ್ತು. ಅವ್ವ ಕೈಕಾಲು ತೊಳೆದು, ಎಂದಿನ ಹಾಗೆ ಸ್ಟೀಲ್ ಪಾತ್ರೆಗಳಿಗೆಲ್ಲ ನೀರು ತುಂಬಿ ತಟ್ಟೆ ಮುಚ್ಚಿಟ್ಟಳು. ಬಂದ ದಿನದಿಂದ ಇದೇ. ಇಪ್ಪತ್ನಾಲ್ಕು ಗಂಟೆ ನೀರು ಬರುತ್ತೆ ಕಣವ್ವ ಅಂತ ದಿನಾ ಹೇಳುತ್ತಿದ್ದೆ. ಆ ರಾತ್ರಿ ಹೇಳಲಿಲ್ಲ.

ಭಾನುವಾರ ಸಂಜೆ ನನ್ನ ಗಂಡ ಇನ್ನೊಂದು ಸಿನಿಮಾ ಹಾಕಿದ. ಅದೇ ಬೀದಿ, ಅದೇ ಸಲೂನು, ಅದೇ ತೊಟ್ಟಿ. ನಾಯಕ ಕುದುರೆ ಇಳಿದು ಶೆರಿಫನ ಜೊತೆ ಏನೋ ಮಾತಾಡುತ್ತಿದ್ದ. ಥಟ್ಟನೆ ಇವನು ರಿಮೋಟ್ ಒತ್ತಿ ನಿಲ್ಲಿಸಿ, ಎದ್ದು ಟೀವಿ ಹತ್ತಿರ ಹೋದ.

"ಅತ್ತೆ, ಇಲ್ನೋಡಿ."

ನಾಯಕನ ಭುಜದ ಹಿಂದೆ, ಪರದೆಯ ಎಡ ಅಂಚಿನಲ್ಲಿ, ಮುದುಕನೊಬ್ಬ ಬಕೆಟ್ ಹಿಡಿದು ಬೀದಿ ದಾಟುತ್ತಿದ್ದ. ಬಕೆಟ್ ಭಾರಕ್ಕೆ ಒಂದು ಕಡೆ ವಾಲಿದ ನಡಿಗೆ. ತೊಟ್ಟಿಯ ಪಕ್ಕ ಬಗ್ಗಿದ, ಅಷ್ಟರಲ್ಲಿ ದೃಶ್ಯ ಬದಲಾಯಿತು. ಎರಡು ಸೆಕೆಂಡೂ ಇಲ್ಲ. ಹಿಂದಕ್ಕೆ ಹಾಕಿ ನೋಡಿದೆವು, ಮತ್ತೆ ಹಿಂದಕ್ಕೆ. ಟೋಪಿಯ ನೆರಳಲ್ಲಿ ಮುಖ ಕಾಣುವುದಿಲ್ಲ.

ಅವ್ವ ಕನ್ನಡಕ ಒರೆಸಿಕೊಂಡು ಪರದೆಗೆ ಇನ್ನೂ ಹತ್ತಿರ ಬಂದು ಕೂತಳು.

"ಇನ್ನೊಂದ್ಸಲ ಹಾಕ್ರಿ ಅಳಿಯಂದ್ರೆ" ಅಂದಳು.